ಜಪಾನ್ ಬಿಟ್ಟು ಊರಿಗೆ ಬರುವಾಗ ಪಿಆರ್, ಪಿಂಚಣಿ ಎರಡನ್ನೂ ಉಳಿಸಿಕೊಳ್ಳುವುದು ಹೇಗೆ?

ಟೋಕಿಯೊದ ನಿಶಿಕಸಾಯಿ ಕಡೆ ಹಲವು ವರ್ಷ ಇದ್ದು, ಪಿಆರ್ ಅಂದರೆ ಕಾಯಂ ವಾಸದ ಅನುಮತಿಯನ್ನೂ ಪಡೆದವರಿಗೆ ಒಂದಲ್ಲ ಒಂದು ದಿನ ಬೆಂಗಳೂರಿಗೆ ಮರಳುವ ಯೋಚನೆ ಬರುತ್ತದೆ. ಅಪ್ಪ ಅಮ್ಮನಿಗೆ ವಯಸ್ಸಾಗಿರುತ್ತದೆ, ಇಲ್ಲವೇ ಇಲ್ಲೇ ಒಳ್ಳೆ ಕೆಲಸ ಸಿಕ್ಕಿರುತ್ತದೆ. ಆಗ ತಲೆ ತಿನ್ನುವ ಪ್ರಶ್ನೆಗಳು ಎರಡು. ಪಿಆರ್ ಹೋಗುತ್ತಾ? ಕಟ್ಟಿದ ಪಿಂಚಣಿ ದುಡ್ಡು ಮುಳುಗುತ್ತಾ?

ಇವೆರಡೂ ಬೇರೆ ಬೇರೆ ಲೆಕ್ಕ. ಗಡುವಿನೊಳಗೆ ಜಪಾನಿಗೆ ಕಾಲಿಟ್ಟರೆ ಮಾತ್ರ ಪಿಆರ್ ಉಳಿಯುತ್ತದೆ. ಪಿಂಚಣಿಗೆ ಆ ಹಂಗಿಲ್ಲ. ಪಿಆರ್ ಕಳೆದುಕೊಂಡರೂ ಗಳಿಸಿದ ಪಿಂಚಣಿ ನಿಮ್ಮದೇ, ನೀವಾಗಿಯೇ ಅದನ್ನು ಅಳಿಸಿಹಾಕದಿದ್ದರೆ.

1. ಹೊರಡುವ ಮೊದಲೇ ಮರುಪ್ರವೇಶದ ಅನುಮತಿ

ಪಿಆರ್ ಕಳೆದುಕೊಳ್ಳದೆ ಜಪಾನಿಗೆ ಮರಳಲು ಬೇಕಾದ ಈ ಅನುಮತಿಯಲ್ಲಿ ಎರಡು ಬಗೆ. 2012ರ ಜುಲೈನಲ್ಲಿ ಬಂದ ವಿಶೇಷ ಮರುಪ್ರವೇಶ ಬಹಳ ಸಲೀಸು. ವಿಮಾನ ನಿಲ್ದಾಣದಲ್ಲಿ ತುಂಬುವ ಚೀಟಿಯಲ್ಲಿ ‘ವಿಶೇಷ ಮರುಪ್ರವೇಶದ ಮೇಲೆ ಹೊರಡುತ್ತಿದ್ದೇನೆ’ ಎನ್ನುವ ಚೌಕಕ್ಕೆ ಟಿಕ್ ಹಾಕಿ, ಪಾಸ್‌ಪೋರ್ಟ್ ಜೊತೆ ಜೈರ್ಯೂ ಕಾರ್ಡ್, ಅಂದರೆ ವಿದೇಶಿಯರಿಗೆ ಕೊಡುವ ನಿವಾಸಿ ಗುರುತಿನ ಚೀಟಿ ತೋರಿಸಿದರೆ ಮುಗಿಯಿತು. ಶುಲ್ಕ ಇಲ್ಲ. ಆದರೆ ಅವಧಿ ಒಂದೇ ವರ್ಷ. ಹೊರಗಿದ್ದುಕೊಂಡು ಒಂದು ದಿನವೂ ವಿಸ್ತರಿಸಲು ಬರುವುದಿಲ್ಲ.

ವರ್ಷಗಟ್ಟಲೆ ಊರಲ್ಲಿ ಇರುವವರು ಇದನ್ನು ನಂಬಿ ಹೊರಡಬಾರದು. ವಲಸೆ ಕಚೇರಿಗೆ ಹೋಗಿ ಮಾಮೂಲಿ ಮರುಪ್ರವೇಶದ ಅನುಮತಿ ಪಡೆಯಿರಿ. ಟೋಕಿಯೊದವರಿಗೆ ಅದು ಶಿನಾಗಾವಾದಲ್ಲಿದೆ. ಜನಜಂಗುಳಿ ಇರುತ್ತದೆ, ಬೆಳಿಗ್ಗೆಯೇ ಹೋದರೆ ಒಳ್ಳೆಯದು. ಪಿಆರ್ ಇರುವವರಿಗೆ 5 ವರ್ಷದವರೆಗೂ ಕೊಡುತ್ತಾರೆ. 2025ರ ಏಪ್ರಿಲ್‌ನಿಂದ ಹಲವು ಸಲ ಓಡಾಡುವ ಅನುಮತಿಗೆ ಕೌಂಟರಿನಲ್ಲಿ 7,000 ಯೆನ್, ಒಂದೇ ಸಲದ್ದಕ್ಕೆ 4,000 ಯೆನ್. ಕಾಯಿಲೆಯಂಥ ತಪ್ಪಿಸಲಾಗದ ಕಾರಣ ಬಂದರೆ ಬೆಂಗಳೂರಿನ ಜಪಾನ್ ಕಾನ್ಸುಲೇಟಿನಲ್ಲಿ ಹೆಚ್ಚೆಂದರೆ ಒಂದು ವರ್ಷ ವಿಸ್ತರಣೆ ಕೇಳಬಹುದು. ಒಟ್ಟು 6 ವರ್ಷ ಮೀರುವಂತಿಲ್ಲ. ಹೊಸ ಅನುಮತಿ ಬೇಕಾದರೆ ಜಪಾನಿಗೆ ಹೋಗಿಯೇ ಪಡೆಯಬೇಕು.

ಈ ಅನುಮತಿ ಪಾಸ್‌ಪೋರ್ಟಿಗೆ ಅಂಟಿಸುವ ಸ್ಟಿಕ್ಕರ್. ಊರಲ್ಲಿ ಪಾಸ್‌ಪೋರ್ಟ್ ಹೊಸದು ಮಾಡಿಸಿದರೆ, ಮೂಲೆ ಕತ್ತರಿಸಿ ಕೊಡುವ ಹಳೆಯದನ್ನು ಬಿಸಾಡಬೇಡಿ. ಎರಡನ್ನೂ ಒಯ್ಯಬೇಕು. ಆ ಹಳೆಯ ಪುಸ್ತಕಕ್ಕೆ ಇನ್ನೊಂದು ಕೆಲಸವೂ ಇದೆ, ಮುಂದೆ ಹೇಳುತ್ತೇನೆ.

ಜೈರ್ಯೂ ಕಾರ್ಡಿಗೂ 7 ವರ್ಷದ ಅವಧಿ ಇದೆ. ಅದನ್ನು ಕಾನ್ಸುಲೇಟಿನಲ್ಲಿ ನವೀಕರಿಸುವುದಿಲ್ಲ. ಹೊರಗಿದ್ದಾಗ ಮುಗಿಯುವಂತಿದ್ದರೆ ಹೊರಡುವ ಮೊದಲೇ ಬೇಗ ನವೀಕರಿಸಿಕೊಳ್ಳಬಹುದು.

2. ವಾರ್ಡ್ ಆಫೀಸಿನ ಬಾಕಿ ತೀರಿಸಿ

‘ವಿಳಾಸ ತೆಗೆಸಿದರೆ ಪಿಆರ್ ಹೋಗುತ್ತೆ’ ಅಂತ ಹೆದರಿ ಎಷ್ಟೋ ಜನ ಸುಮ್ನೆ ಹೊರಟುಬಿಡುತ್ತಾರೆ. ಆ ಭಯ ಬೇಡ. ವಿದೇಶಕ್ಕೆ ಹೋಗುತ್ತಿದ್ದೇವೆ ಎಂದು ತೆನ್‌ಶುತ್ಸು ತೊದೊಕೆ, ಅಂದರೆ ಊರು ಬಿಡುವ ಅರ್ಜಿ ಕೊಟ್ಟರೆ ಪಿಆರ್‌ಗೆ ಧಕ್ಕೆ ಇಲ್ಲ. ಕೊಡದೆ ಹೋದರೇ ತೊಂದರೆ. ಆರೋಗ್ಯ ವಿಮೆ, ಪಿಂಚಣಿ ಕಂತಿನ ಚೀಟಿಗಳು ಹಳೆಯ ವಿಳಾಸಕ್ಕೆ ಬರುತ್ತಲೇ ಇರುತ್ತವೆ, ಬಾಕಿ ಬೆಳೆಯುತ್ತದೆ.

ಆ ಬಾಕಿ ಇನ್ನು ಮುಂದೆ ಬರೀ ಬಾಕಿಯಾಗಿ ಉಳಿಯುವುದಿಲ್ಲ. ಕೈಲಾಗಿಯೂ ಬೇಕಂತಲೇ ತೆರಿಗೆ, ಸಾಮಾಜಿಕ ವಿಮೆ ಕಟ್ಟದವರ ಪಿಆರ್ ರದ್ದು ಮಾಡಬಹುದಾದ ತಿದ್ದುಪಡಿಗೆ ಜಪಾನಿನ ಸಂಸತ್ತು 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. 2027ರಲ್ಲಿ ಅದು ಜಾರಿಗೆ ಬರುತ್ತದೆ. ಜನವರಿ 1ರಂದು ನಿಮ್ಮ ವಿಳಾಸ ಜಪಾನಿನಲ್ಲಿದ್ದರೆ ಆ ವರ್ಷದ ನಿವಾಸಿ ತೆರಿಗೆ ನಿಮ್ಮ ಮೇಲೆಯೇ ಬೀಳುತ್ತದೆ. ಹೊರಡುವ ಮುನ್ನ ಕಟ್ಟಿ, ಇಲ್ಲವೇ ಅಲ್ಲಿರುವ ಸ್ನೇಹಿತರೊಬ್ಬರನ್ನು ತೆರಿಗೆ ಪ್ರತಿನಿಧಿ ಅಂತ ನೇಮಿಸಿ ಬನ್ನಿ.

3. ಒಂದೇ ಗಂಟಿನ ಆಸೆಗೆ ಬೀಳಬೇಡಿ

ಕಂಪನಿಯಲ್ಲಿ ಕಟ್ಟಿದ ಕೋಸೇ ನೆನ್ಕಿನ್, ಎಲ್ಲರಿಗೂ ಇರುವ ಕೊಕುಮಿನ್ ನೆನ್ಕಿನ್ ಎರಡೂ 65ನೇ ವಯಸ್ಸಿಗೆ ಸಿಗಬೇಕಾದರೆ 10 ವರ್ಷದ ಅರ್ಹತಾ ಅವಧಿ ಬೇಕು. 2017ರ ಆಗಸ್ಟ್‌ಗೆ ಮೊದಲು ಇದು 25 ವರ್ಷ ಇತ್ತು. ಹತ್ತು ತುಂಬದೆ ದೇಶ ಬಿಡುವ ವಿದೇಶಿಯರಿಗೆ ದತ್ತಾಯಿ ಇಚಿಜಿಕಿನ್ ಎಂಬ ಒಂದು ಗಂಟಿನ ದುಡ್ಡು ಸಿಗುತ್ತದೆ. ಅದರ ಲೆಕ್ಕ ಈಗ ಹೆಚ್ಚೆಂದರೆ 5 ವರ್ಷದ್ದು. 9 ವರ್ಷ ಕಟ್ಟಿದವರಿಗೂ ಅಷ್ಟೇ. ಪಡೆದ ಮರುಗಳಿಗೆ ಒಂಬತ್ತೂ ವರ್ಷ ದಾಖಲೆಯಿಂದ ಅಳಿಸಿಹೋಗುತ್ತದೆ. 2025ರ ಪಿಂಚಣಿ ಸುಧಾರಣೆ ಈ ಮಿತಿಯನ್ನು 8 ವರ್ಷಕ್ಕೆ ಏರಿಸಲಿದೆ. ಆದರೆ ಮರುಪ್ರವೇಶದ ಅನುಮತಿ ಇಟ್ಟುಕೊಂಡು ಹೋದವರಿಗೆ ಆ ಅವಧಿಯಲ್ಲಿ ದುಡ್ಡು ಕೊಡುವುದಿಲ್ಲ ಎಂದೂ ಅದರಲ್ಲೇ ಇದೆ.

ಪಿಆರ್ ಇರುವವರಿಗೆ ಹತ್ತು ವರ್ಷ ತುಂಬಿಸುವ ದಾರಿ ಬೇರೆಯೇ ಇದೆ. ಇದು ಗೊತ್ತಿರುವವರು ಕಡಿಮೆ. 65 ತುಂಬುವ ಮೊದಲು ಪಿಆರ್ ಪಡೆದಿದ್ದರೆ, ಪಿಆರ್ ಸಿಗುವ ಮುಂಚೆ 20ರಿಂದ 60ರ ವಯಸ್ಸಿನ ನಡುವೆ ಜಪಾನಿನ ಹೊರಗೆ ಕಳೆದ ವರ್ಷಗಳು ‘ಕರಾ ಕಿಕಾನ್’, ಅಂದರೆ ಖಾಲಿ ಅವಧಿ ಅಂತ ಅರ್ಹತೆಗೆ ಸೇರುತ್ತವೆ. 28ನೇ ವಯಸ್ಸಿಗೆ ಜಪಾನಿಗೆ ಹೋಗಿ, ಪಿಆರ್ ಪಡೆದು, 7 ವರ್ಷ ಕಂತು ಕಟ್ಟಿ ಮರಳಿದವರನ್ನು ನೋಡಿ. ಇಪ್ಪತ್ತರಿಂದ ಇಪ್ಪತ್ತೆಂಟರವರೆಗೆ ಬೆಂಗಳೂರಲ್ಲಿ ಕಳೆದ 8 ವರ್ಷ ಸೇರಿ 15 ಆಯಿತು! ಅರ್ಹತೆ ಸಿಕ್ಕಿತು. ಹಣದ ಲೆಕ್ಕ ಮಾತ್ರ ಕಟ್ಟಿದ 7 ವರ್ಷಕ್ಕೇ. 2025ರ ದರದಲ್ಲಿ 40 ವರ್ಷ ಕಟ್ಟಿದವರಿಗೆ ತಿಂಗಳಿಗೆ 69,308 ಯೆನ್ ಮೂಲ ಪಿಂಚಣಿ. ಒಂದೊಂದು ವರ್ಷದ ಕಂತಿಗೆ ವರ್ಷಕ್ಕೆ ಸುಮಾರು 20,800 ಯೆನ್ ಅಂತಾಯಿತು. ಏಳಕ್ಕೆ ಸುಮಾರು 1,45,000. ಸಂಬಳಕ್ಕೆ ತಕ್ಕ ಕೋಸೇ ಪಾಲು ಇದರ ಮೇಲೆ. ಬದುಕಿರುವವರೆಗೂ ಬರುವ ಹಣ ಇದು, ಕಡಿಮೆ ಅಂತ ಬಿಡೋಕಾಗುತ್ತಾ?

ಹಳೆಯ ಪಾಸ್‌ಪೋರ್ಟ್ ಬೇಕು ಎಂದದ್ದು ಇದಕ್ಕೇ. ಯಾವ ದಿನ ಜಪಾನಿಗೆ ಬಂದಿರಿ, ಯಾವಾಗ ಪಿಆರ್ ಸಿಕ್ಕಿತು ಎನ್ನುವುದನ್ನು ತೋರಿಸಬೇಕಾಗುತ್ತದೆ.

ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ ಇನ್ನೊಂದು ಊರುಗೋಲು. ಇದು 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇಲ್ಲಿ ಇಪಿಎಫ್ಒದಲ್ಲಿ ಕಟ್ಟಿದ ವರ್ಷಗಳನ್ನೂ ಹತ್ತರ ಲೆಕ್ಕಕ್ಕೆ ಕೂಡಿಸಬಹುದು. ದುಡ್ಡು ಒಂದಾಗುವುದಿಲ್ಲ, ಆಯಾ ದೇಶ ತನ್ನ ಪಾಲನ್ನು ಕೊಡುತ್ತದೆ.

ಊರಿಂದಲೇ ಕಂತು ಕಟ್ಟುತ್ತಾ ಹೋಗಬಹುದಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಹೊರದೇಶದಿಂದ ಸ್ವಇಚ್ಛೆಯ ಕಂತು ಜಪಾನಿನ ಪೌರರಿಗೆ ಮಾತ್ರ. ಪಿಆರ್ ಇದ್ದರೆ ಸಾಲದು.

4. 65 ಹತ್ತಿರ ಬಂದಾಗ

ಪಿಂಚಣಿ ತಾನಾಗಿ ಬರುವುದಿಲ್ಲ, ಕೇಳಬೇಕು. ಅರ್ಜಿ ನಮೂನೆ ಜಪಾನಿನ ವಿಳಾಸಕ್ಕೆ ಹೋಗುತ್ತದೆ, ಬೆಂಗಳೂರಿಗೆ ಬಂದೀತು ಅಂತ ಕಾಯಬೇಡಿ. ಹತ್ತಂಕಿಯ ಮೂಲ ಪಿಂಚಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. 2022ರಿಂದ ಪಿಂಚಣಿ ಪುಸ್ತಕದ ಬದಲು ಬರೀ ಸೂಚನಾ ಪತ್ರ ಕೊಡುತ್ತಿದ್ದಾರೆ, ಆ ಹಾಳೆ ಕಳೆಯಬೇಡಿ. ಅರ್ಜಿಯನ್ನು ಜಪಾನಿನ ಪಿಂಚಣಿ ಸಂಸ್ಥೆ ನಿಪ್ಪೋನ್ ನೆನ್ಕಿನ್ ಕಿಕೋಗೆ ನೇರವಾಗಿ ಕಳಿಸಬಹುದು, ಒಪ್ಪಂದದ ಪ್ರಕಾರ ಇಪಿಎಫ್ಒ ಮೂಲಕವೂ ಕೊಡಬಹುದು. ತಡ ಮಾಡಿದರೆ 5 ವರ್ಷಕ್ಕಿಂತ ಹಳೆಯ ಬಾಕಿ ಸಿಗುವುದಿಲ್ಲ.

ಹಣ ಎರಡು ತಿಂಗಳಿಗೊಮ್ಮೆ, ಸಮ ಸಂಖ್ಯೆಯ ತಿಂಗಳುಗಳಲ್ಲಿ ಬರುತ್ತದೆ. ಹೊರದೇಶದಲ್ಲಿ ಇರುವವರು ವರ್ಷಕ್ಕೊಮ್ಮೆ ‘ಗೆನ್‌ಕ್ಯೋ ತೊದೊಕೆ’ ತುಂಬಿ ಕಳಿಸಬೇಕು, ನಮ್ಮಲ್ಲಿನ ಜೀವನ ಪ್ರಮಾಣಪತ್ರದ ಹಾಗೆ. ಅದು ತಲುಪದಿದ್ದರೆ ಪಾವತಿ ನಿಲ್ಲುತ್ತದೆ. ಹಾಗಾಗಿ ಮನೆ ಬದಲಿಸಿದಾಗ ಗ್ಯಾಸ್, ಬ್ಯಾಂಕಿನ ಜೊತೆಗೆ ಟೋಕಿಯೊಗೂ ಒಂದು ಪತ್ರ ಹಾಕಿ.