ಮಕ್ಕಳೊಂದಿಗೆ ಕಬ್ಬನ್ ಪಾರ್ಕ್: ಮೊದಲು ಮರ, ಆಮೇಲೆ ರೈಲು

ಹನ್ನೊಂದೂವರೆಯ ಬಿಸಿಲು. ಪಾರ್ಕಿನೊಳಗೆ ಪುಟಾಣಿ ರೈಲು, ಮಕ್ಕಳ ಆಟಗಳಿರುವ ಬಾಲಭವನದ ಟಿಕೆಟ್ ಕಿಟಕಿಯ ಮುಂದಿನ ಸಾಲಿನಲ್ಲಿ ಅಪ್ಪನ ಹೆಗಲ ಮೇಲೊಂದು ಮಗು, ಅಮ್ಮನ ಸೆರಗು ಹಿಡಿದು ಇನ್ನೊಂದು. ಎರಡಕ್ಕೂ ಬಾಯಾರಿಕೆ. ರೈಲು ಹತ್ತುವ ಹೊತ್ತಿಗೆ ಚಿಕ್ಕದಕ್ಕೆ ನಿದ್ದೆ ಬಂದಿರುತ್ತದೆ, ಇಳಿಯುವಾಗ ದೊಡ್ಡದು ‘ಇನ್ನೊಂದು ಸಲ’ ಎಂದು ಹಟ ಹಿಡಿಯುತ್ತದೆ. ಕೈ ಹಿಡಿದೆಳೆದು ಆಟೋ ಹತ್ತಿಸಿದರೆ ಅಲ್ಲಿಗೆ ರಜಾದಿನ ಮುಗಿಯಿತು. ಬೆಂಗಳೂರಿನ ನಟ್ಟನಡುವಿನ ಅಷ್ಟು ದೊಡ್ಡ ಹಸಿರಿಗೆ ಬಂದು ಒಂದು ಮರವನ್ನೂ ಮುಟ್ಟದೆ ಹೋಗುವ ಇಂಥ ಕುಟುಂಬಗಳನ್ನು ಎಷ್ಟೋ ಸಲ ಕಂಡು ಸಂಕಟಪಟ್ಟಿದ್ದೇನೆ. ತಪ್ಪು ಮಕ್ಕಳದ್ದಲ್ಲ, ದೊಡ್ಡವರು ಹಾಕಿಕೊಂಡ ಕ್ರಮದ್ದು. ಪುಟಾಣಿ ರೈಲು ದಿನದ ಮೊದಲಿಗೂ ಇರಬಾರದು, ಕೊನೆಗೂ ಇರಬಾರದು. ಅದು ನಡುವೆ ಬರಬೇಕು.

ಯಾವ ದಿನ

ಸೋಮವಾರ ಬೇಡ, ಬಾಲಭವನಕ್ಕೆ ರಜೆ. ಭಾನುವಾರ ಉದ್ಯಾನದೊಳಗೆ ವಾಹನ ಬಿಡುವುದಿಲ್ಲವಾದ್ದರಿಂದ ನಡೆಯಲು ಸುಖ, ಆದರೆ ಆಟದ ಸಾಲು ಅಂದೇ ಅತಿ ಉದ್ದ. ದಸರಾ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ಬುಧವಾರ, ಗುರುವಾರ ಬಿಡುವು ಮಾಡಿಕೊಳ್ಳಬಲ್ಲವರು ಆ ದಿನಗಳನ್ನೇ ಆರಿಸಿಕೊಳ್ಳಿ. ಒಂದು ಮಾತು ಮರೆಯಬೇಡಿ: ದುರಸ್ತಿಗೆಂದು ರೈಲು ನಿಂತಿರುವ ದಿನಗಳೂ ಇರುತ್ತವೆ. ವಿಚಾರಿಸಿ ಖಚಿತವಾಗುವವರೆಗೆ ಮಗುವಿಗೆ ರೈಲಿನ ಮಾತು ಕೊಡಬೇಡಿ.

ಯಾವ ಕಡೆಯಿಂದ

‘ಕಬ್ಬನ್ ಪಾರ್ಕ್ ಗೇಟಿನಲ್ಲಿ ಸಿಗೋಣ’ ಎಂದು ನೆಂಟರಿಗೆ ಹೇಳಿದರೆ ಅರ್ಧ ಗಂಟೆ ಫೋನಿನಲ್ಲೇ ಕಳೆಯುತ್ತದೆ, ಏಕೆಂದರೆ ಗೇಟುಗಳು ಹಲವು. ಬಾಲಭವನ ಇರುವುದು ಕಸ್ತೂರಬಾ ರಸ್ತೆಯ ಬದಿಗೆ, ಮತ್ಸ್ಯಾಲಯದ ಪಕ್ಕ. ನೇರ ಅಲ್ಲಿಗೇ ಬರುವವರಿಗೆ ವಿಕ್ಟೋರಿಯಾ ರಾಣಿಯ ಪ್ರತಿಮೆಯ ಗುರುತು ಹೇಳಿ. 1906ರಿಂದ ಅಲ್ಲೇ ನಿಂತಿದೆ, ಯಾರಿಗೂ ತಪ್ಪುವುದಿಲ್ಲ. ಫಲಕಗಳಲ್ಲಿ ‘ಶ್ರೀ ಚಾಮರಾಜೇಂದ್ರ ಉದ್ಯಾನ’ ಎಂದು ಕಂಡರೆ ಬೇರೆಲ್ಲಿಗೋ ಬಂದೆವೆಂದು ಗಾಬರಿಯಾಗಬೇಡಿ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದಾಗ ಇದು ಮೀಡ್ಸ್ ಪಾರ್ಕ್ ಆಗಿತ್ತು, ಆಮೇಲೆ ಕಬ್ಬನ್ ಪಾರ್ಕ್ ಆಯಿತು, ಅಧಿಕೃತ ಹೆಸರು ಬಂದದ್ದು 1927ರಲ್ಲಿ. ಜನರ ಬಾಯಲ್ಲಿ ಉಳಿದದ್ದು ಕಬ್ಬನ್ ಒಂದೇ.

ನನ್ನ ಕ್ರಮ ಬೇರೆ. ನೇರಳೆ ಮಾರ್ಗದ ಮೆಟ್ರೊದಲ್ಲಿ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಬೇಕು, ಮರಳುವಾಗ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಹತ್ತಬೇಕು. ಹಾಗೆ ಮಾಡಿದರೆ ಉದ್ಯಾನವನ್ನು ಅಡ್ಡಲಾಗಿ ದಾಟಿದಂತಾಗುತ್ತದೆ, ನಡೆದ ದಾರಿಯಲ್ಲೇ ಮತ್ತೆ ನಡೆಯಬೇಕಿಲ್ಲ. ಕಾರು ತಂದವರು ಅದನ್ನು ನಿಲ್ಲಿಸಿದ ಜಾಗಕ್ಕೇ ವಾಪಸು ಬರಬೇಕು. ದಣಿದ ಮಗುವನ್ನು ಎತ್ತಿಕೊಂಡು ಅಷ್ಟು ದೂರ ನಡೆಯುವ ಕಷ್ಟ ಯಾರಿಗೆ ಬೇಕು?

ಮರಗಳ ಹೊತ್ತು

ಮನೆಯಲ್ಲೇ ತಿಂಡಿ ಮುಗಿಸಿ ಎಂಟರೊಳಗೆ ಅಲ್ಲಿರಿ. ಕೆಂಪು ಬಣ್ಣದ ಹೈಕೋರ್ಟ್ ಕಟ್ಟಡದ ಹಿಂಬದಿಯಿಂದ ಹೊರಟು ಕೇಂದ್ರ ಗ್ರಂಥಾಲಯದ ಕಡೆ ನಡೆಯಿರಿ. ಹದಿನೆಂಟು ಇಲಾಖೆಗಳ ಕಚೇರಿಗಳು ಒಂದೇ ಸೂರಿನಡಿ ಇದ್ದದ್ದರಿಂದ ಆ ಹೈಕೋರ್ಟ್ ಕಟ್ಟಡಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂತೆಂದು ಹೇಳಿದರೆ ಮಕ್ಕಳು ಕಿಟಕಿಗಳನ್ನು ಎಣಿಸಲು ತೊಡಗುತ್ತಾರೆ. ಎಣಿಸಲಿ, ಅವಸರ ಮಾಡಬೇಡಿ.

ಒಂದು ಭೂತಗನ್ನಡಿ ಜೊತೆಗಿರಲಿ. ಆಟಿಕೆ ಪೊಟ್ಟಣದಲ್ಲಿ ಬರುವ ಪ್ಲಾಸ್ಟಿಕ್ಕಿನದು ಬೇಡವೇ ಬೇಡ, ಅದರಲ್ಲಿ ಎಲ್ಲವೂ ಮಸುಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಗಾಜಿನದನ್ನೇ ಕೊಳ್ಳಿ. ಉದುರಿದ ಸಿಲ್ವರ್ ಓಕ್ ಎಲೆಯೊಂದನ್ನು ಮಗುವಿನ ಅಂಗೈಯಲ್ಲಿ ಮಗುಚಿ ಹಾಕಿ. ಮೇಲ್ಗಡೆ ಹಸಿರು, ಕೆಳಗಡೆ ಬೆಳ್ಳಿ. ಭೂತಗನ್ನಡಿ ಹಿಡಿದರೆ ಆ ಬೆಳ್ಳಿಯೆಲ್ಲ ಒತ್ತೊತ್ತಾಗಿ ಮಲಗಿದ ರೇಷ್ಮೆಯಂಥ ಕೂದಲೆಂದು ಕಾಣುತ್ತದೆ. ಮರದ ಹೆಸರು ಎಲ್ಲಿಂದ ಬಂತೆಂದು ಆಮೇಲೆ ನೀವು ಹೇಳಬೇಕಾಗಿಯೇ ಇಲ್ಲ. ಚಳಿಗಾಲದಲ್ಲಿ ಬಂದರೆ ತಬೂಬಿಯಾ ಹೂ ನೆಲಕ್ಕೆಲ್ಲ ಗುಲಾಬಿ ಬಣ್ಣ ಹಾಸಿರುತ್ತದೆ, ಬಿದ್ದ ಹೂಗಳನ್ನು ಮಾತ್ರ ಆರಿಸಲು ಕಲಿಸಿ.

ದಾರಿಯಲ್ಲಿ ಒಂದು ಬಿದಿರು ಮೆಳೆಯನ್ನು ಗುರುತಿಟ್ಟುಕೊಳ್ಳಿ. ಬಾಲಭವನಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಆಮೇಲೆ ಬೇಕಾಗುತ್ತದೆ.

ಬಾಲಭವನ: ಎಡವುವುದು ಇಲ್ಲೇ

ಬಾಗಿಲು ತೆರೆಯುವ ಹೊತ್ತಿಗೆ, ಎಂದರೆ ಹತ್ತರ ಸುಮಾರಿಗೆ, ನೀವು ಅಲ್ಲಿ ಮುಟ್ಟಿರಬೇಕು. ಇಬ್ಬರು ದೊಡ್ಡವರಿದ್ದರೆ ಒಬ್ಬರು ಸಾಲಿಗೆ, ಇನ್ನೊಬ್ಬರು ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ದು ನೀರು ಕುಡಿಸಿ ನೆರಳಲ್ಲಿ ಕೂರಲಿ. ಮಗುವನ್ನು ಸಾಲಿನಲ್ಲಿ ನಿಲ್ಲಿಸುವುದು ದಿನ ಕೆಡಿಸುವ ಮೊದಲ ದಾರಿ. ಚಿಲ್ಲರೆ ನೋಟುಗಳು ಕೈಯಲ್ಲಿರಲಿ.

ಎಷ್ಟು ಆಟ ಎಂಬುದು ಮನೆಯಲ್ಲೇ ತೀರ್ಮಾನವಾಗಿರಬೇಕು. ನನ್ನ ಲೆಕ್ಕ ಮೂರು. ನಾಲ್ಕನೆಯದಕ್ಕೆ ಮಗು ದಣಿದಿರುತ್ತದೆ, ಆದರೆ ಅದಕ್ಕೆ ಅದು ಗೊತ್ತಾಗುವುದಿಲ್ಲ. ಆಯ್ಕೆ ಮಗುವಿನದೇ ಆಗಿರಲಿ, ಸಂಖ್ಯೆ ಮಾತ್ರ ನಿಮ್ಮದು. ಹೊರಡುವ ಮುನ್ನ ಮೂರು ಹುಣಸೆ ಬೀಜ ಮಗುವಿನ ಜೇಬಿಗೆ ಹಾಕಿ, ಒಂದೊಂದು ಆಟಕ್ಕೂ ಒಂದೊಂದು ನಿಮ್ಮ ಕೈಗೆ ಕೊಡಲಿ. ‘ಮುಗಿಯಿತು’ ಎಂಬುದನ್ನು ನೀವು ಬಾಯಿಬಿಟ್ಟು ಹೇಳುವ ಮೊದಲೇ ಖಾಲಿ ಜೇಬು ಹೇಳಿರುತ್ತದೆ. ನಾಲ್ಕು ವರ್ಷದ ನನ್ನ ತಂಗಿಯ ಮಗಳು ಕೊನೆಯ ಬೀಜವನ್ನು ಕೊಡಲೋ ಬೇಡವೋ ಎಂದು ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಕೊಟ್ಟಾಗ ಅದು ಬೆವರಿಗೆ ಒದ್ದೆಯಾಗಿತ್ತು. ಅಂದು ಅವಳು ಅಳಲಿಲ್ಲ.

ರೈಲನ್ನು ಎರಡನೆಯ ಆಟವಾಗಿಡಿ. ಕೊನೆಯ ಬೋಗಿ ಸಿಕ್ಕರೆ ಬಿಡಬೇಡಿ: ಮುಂದೆ ಕೂತವರಿಗೆ ಎಂಜಿನ್ನಿನ ಬೆನ್ನಷ್ಟೇ ಕಾಣುತ್ತದೆ, ಹಿಂದೆ ಕೂತವರಿಗೆ ತಿರುವಿನಲ್ಲಿ ಇಡೀ ರೈಲು ಕಾಣುತ್ತದೆ. ಮಗು ಒಳಬದಿಗಿರಲಿ, ಅಂಚಿನಲ್ಲಿ ನೀವು ಕೂರಿ. ಕೈ ಹೊರಗೆ ಚಾಚದಂತೆ ನೋಡಿಕೊಳ್ಳಿ. ತಿರುಗುವ ಆಟ ಯಾವುದೇ ಇರಲಿ, ದುಪಟ್ಟಾ ಅಥವಾ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡೇ ಹತ್ತಬೇಕು. ಇದರಲ್ಲಿ ಉದಾಸೀನ ಸಲ್ಲದು. ಮಕ್ಕಳಿಗೆ ಹಿಮ್ಮಡಿ ಪಟ್ಟಿಯಿರುವ ಚಪ್ಪಲಿ ಹಾಕಿಸಿ.

ಕೊನೆಯ ಆಟ ಹತ್ತುವ ಮೊದಲೇ ‘ಇದಾದ ಮೇಲೆ ಬಿದಿರಿನ ಮನೆಗೆ’ ಎಂದು ಹೇಳಬೇಕು. ಇಳಿದ ಮೇಲೆ ಹೇಳಿದರೆ ಅದು ಶಿಕ್ಷೆಯಂತೆ ಕೇಳಿಸುತ್ತದೆ. ಹೊರಡೋಣ ಎಂಬ ಮಾತಿಗೆ ಮಗುವಿಗೆ ಅರ್ಥವಿಲ್ಲ, ಎಲ್ಲಿಗೆ ಎಂಬುದು ತಿಳಿದರೆ ಕಾಲು ತಾನಾಗಿ ಏಳುತ್ತದೆ.

ಹೊರಬರುವಾಗ ಬೊಂಬಾಯಿ ಮಿಠಾಯಿ ಕಣ್ಣಿಗೆ ಬಿದ್ದರೆ ಬಿಳಿಯದನ್ನು ಮಾತ್ರ ಕೊಡಿಸಿ. ಆ ಗುಲಾಬಿ ಬಣ್ಣಕ್ಕೆ ಬಳಸುತ್ತಿದ್ದ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿದೆ. ಸೋಪಿನ ಗುಳ್ಳೆ ಊದುವ ಪ್ಲಾಸ್ಟಿಕ್ ಕೊಳವೆಗಳನ್ನೂ ಕೊಳ್ಳಬೇಡಿ: ಹತ್ತು ನಿಮಿಷದಲ್ಲಿ ಮುರಿಯುತ್ತವೆ, ಚೂರುಗಳು ಹುಲ್ಲಿನಲ್ಲಿ ಉಳಿಯುತ್ತವೆ.

ಬಿದಿರಿನ ನೆರಳು

ಬೆಳಿಗ್ಗೆ ಗುರುತಿಟ್ಟ ಮೆಳೆಯ ಬಳಿ ಕೂರಿ. ಗಾಳಿಗೆ ಗಳುಗಳು ಒಂದಕ್ಕೊಂದು ಉಜ್ಜಿ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತವೆ. ಆಟದ ಗದ್ದಲದಿಂದ ಬಂದ ಮಗು ಅದನ್ನು ಕೇಳುತ್ತ ತಾನಾಗಿ ಸುಮ್ಮನಾಗುತ್ತದೆ. ಗಳುಗಳ ಮೇಲೆ ಯಾರುಯಾರೋ ಕೆತ್ತಿದ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು ಕಾಣುತ್ತವೆ. ಅವನ್ನು ತೋರಿಸಿ, ಆದರೆ ಒಂದು ವಿಷಯ ಹೇಳಿ: ಬಿದಿರು ನೆಲದಿಂದ ಮೇಲೇಳುವಾಗಲೇ ಪೂರ್ತಿ ದಪ್ಪ ಇರುತ್ತದೆ, ಆಮೇಲೆ ದಪ್ಪವಾಗುವುದಿಲ್ಲ. ಮರದ ತೊಗಟೆಯಂತೆ ಅದರ ಗಾಯ ಮುಚ್ಚಿಕೊಳ್ಳುವುದಿಲ್ಲ. ಗೀರಿದ್ದು ಆ ಗಳು ಸಾಯುವವರೆಗೂ ಹಾಗೆಯೇ ಇರುತ್ತದೆ. ಇದನ್ನು ಕೇಳಿದ ಮಗು ಒಂದು ಗೀರಿನ ಮೇಲೆ ಬೆರಳಾಡಿಸುವುದನ್ನು ನಾನು ನೋಡಿದ್ದೇನೆ.

ಬುತ್ತಿ ಬಿಚ್ಚಿ ಹಬ್ಬ ಮಾಡಬೇಡಿ. ನೀರಿನ ಬಾಟಲಿ ಸಾಕು, ಊಟ ಹೊರಗೆ.

ಏಪ್ರಿಲ್, ಮೇ ತಿಂಗಳಾದರೆ ಆಗಾಗ ಆಕಾಶ ನೋಡುತ್ತಿರಿ. ಮೊದಲ ಗಾಳಿಮಳೆಗೆ ಉರುಳುವುದು ಬೇರು ಆಳಕ್ಕಿಳಿಯದ ಗುಲ್‌ಮೊಹರ್, ಕೊಂಬೆ ಮುರಿದು ಬೀಳುವುದು ದೊಡ್ಡ ಮಳೆಮರ. ಗುಡುಗು ಕೇಳಿದೊಡನೆ ಮರದ ಬುಡ ಬಿಟ್ಟೇಳಿ. ಮಳೆ ನಿಲ್ಲುತ್ತದೆಂದು ಕಾಯದೆ ಮಕ್ಕಳ ಕೈ ಹಿಡಿದು ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿದುಬಿಡಿ.