ಹಳೆ ಸೀರೆ, ಹೊಸ ಕಾಲದ ಕೌದಿ

ಪುಣೆಯಲ್ಲಿ ಡಿಸೆಂಬರ್ ಚಳಿ ಬಿತ್ತೆಂದರೆ ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮವರ ಮನೆಗಳಲ್ಲಿ ಕೌದಿ ಹೊರಬರುತ್ತದೆ. ಪಕ್ಕದ ಮರಾಠಿ ಮನೆಯಲ್ಲಿ ಗೋಧಡಿ. ಮಕ್ಕಳು ಮಾತ್ರ ಫೋನಿನಲ್ಲಿ ‘ಮಾಡರ್ನ್ ಕ್ವಿಲ್ಟ್’ ತೋರಿಸಿ ಇಂಥದ್ದು ಬೇಕು ಅನ್ನುತ್ತಾರೆ. ಒಂದೇ ಬಣ್ಣದ ದೊಡ್ಡ ಖಾಲಿ ಜಾಗ, ಮೂಲೆಗೆ ಸರಿದ ತುಂಡುಗಳು, ಎದ್ದು ಕಾಣುವ ಸಾಲು ಹೊಲಿಗೆ. ಇದರ ಬೇರು ಹಳೆಯ ಕೈಗಳಲ್ಲೇ ಇದೆ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಊರಿನ ಕಪ್ಪು ಹೆಂಗಸರು ಸವೆದ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು. ನಮ್ಮ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿಯುವ ಕೌದಿ, ಅಂದರೆ ಕವಂದಿಯಲ್ಲೂ ಬಣ್ಣ ಕೂಡಿಸುವ ಅದೇ ಧೈರ್ಯವಿದೆ. ಹೊಸದು ಕಲಿಯಬೇಕಾ? ಕೌದಿಯಿಂದಲೇ ಶುರು ಮಾಡಿ.

ಮೆತ್ತಗಾದ, ಒಂದೇ ಬಣ್ಣದ ಹತ್ತಿ ಸೀರೆ ಒಂದು ಸಾಕು. ಐದೂವರೆ ಮೀಟರ್ ಸೀರೆಯಲ್ಲಿ 54 ಇಂಚಿನ ನಾಲ್ಕು ತುಂಡು ಬರುತ್ತವೆ. ಒಂದು ಕೆಳಗೆ, ಒಂದು ಮೇಲೆ, ಎರಡು ಒಳಗೆ. ಒಳಗಿನ ಎರಡನ್ನು ನಾಲ್ಕೂ ಬದಿ ಒಂದೊಂದು ಇಂಚು ಕತ್ತರಿಸಿ. ಕತ್ತರಿ ಹಾಕುವ ಮೊದಲು ಎಲ್ಲ ಬಟ್ಟೆಯನ್ನೂ ಒಗೆದು ಇಸ್ತ್ರಿ ಮಾಡಿ. ಬಣ್ಣ ಬಿಡುವುದು, ಮುದುಡುವುದು ಆಗಲೇ ಆಗಿಹೋಗಲಿ.

ನಾಲ್ಕನ್ನೂ ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ. ನಡುವಿನಿಂದ ಹೊರಕ್ಕೆ ಒಂದೊಂದು ಗೇಣಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಮೇಲಿನ, ಕೆಳಗಿನ ಬಟ್ಟೆಯ ಅಂಚನ್ನು ಒಂದಿಂಚು ಒಳಕ್ಕೆ ಮಡಚಿ ಪಿನ್ ಚುಚ್ಚಿ.

ಈಗ ತುಂಡುಗಳು. ಖಣದ ಚೂರು, ಹಳೆ ಜುಬ್ಬಾ, ಇಳಕಲ್ ಸೀರೆಯ ದಡಿ, ಏನಿದೆಯೋ ಅದು. ಅಂಚನ್ನು ಕಾಲು ಇಂಚು ಮಡಚಿ ಇಸ್ತ್ರಿ ಒತ್ತಿ. ಎಲ್ಲ ಕಡೆ ಹರಡಬೇಡಿ. ಮೂರರಲ್ಲಿ ಒಂದು ಭಾಗದಲ್ಲಷ್ಟೇ ಕೂಡಿಸಿ, ಉಳಿದದ್ದು ಖಾಲಿ ಇರಲಿ. ಹೊಸ ಕಾಲದ ನೋಟ ಬರುವುದೇ ಇಲ್ಲಿ. ಫೋನಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿ. ತಿಳಿ ಯಾವುದು, ಗಾಢ ಯಾವುದು ಅಂತ ಥಟ್ಟನೆ ಗೊತ್ತಾಗುತ್ತದೆ.

ಹೊಲಿಗೆಗೆ ಅವಸರ ಬೇಡ. ಕೌದಿಯ ಜೀವ ಅದರಲ್ಲೇ ಇದೆ. ದಪ್ಪ ಹತ್ತಿ ದಾರ, ಉದ್ದ ಕಣ್ಣಿನ ಸೂಜಿ ಪುಣೆಯ ತುಳಶೀಬಾಗ್ ಪೇಟೆಯಲ್ಲಿ ಸಿಗುತ್ತವೆ. ದಾರ ಒಂದು ಮೊಳಕ್ಕಿಂತ ಜಾಸ್ತಿ ಬೇಡ, ಸಿಕ್ಕಾಗುತ್ತದೆ. ಗಂಟನ್ನು ಪದರದೊಳಗೆ ಎಳೆದು ಮುಚ್ಚಿ. ಕವಂದಿಯವರ ಹಾಗೆ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬನ್ನಿ. ಒಂದೊಂದು ಟಾಕು ಕಾಲು ಇಂಚು, ಸಾಲುಗಳ ನಡುವೆ ಒಂದು ಬೆರಳಗಲ. ಸೂಜಿಯಲ್ಲಿ ಮೂರು ನಾಲ್ಕು ಟಾಕು ತುಂಬಿಸಿ ಒಮ್ಮೆಗೇ ಎಳೆಯಿರಿ. ಎಡಗೈ ಬೆರಳಿಗೆ ಕೆಳಗೆ ತುದಿ ತಾಕಿದರೆ ನಾಲ್ಕೂ ಪದರ ಸಿಕ್ಕಿವೆ ಎಂದರ್ಥ. ಬಿಗಿಯಾಗಿ ಎಳೆದರೆ ಬಟ್ಟೆ ನಿರಿಗೆ ಕಟ್ಟುತ್ತದೆ. ಸಾಲು ಕೊಂಚ ಸೊಟ್ಟಗಾದರೆ ಬಿಚ್ಚಬೇಡಿ, ನನಗಂತೂ ಅದೇ ಚೆಂದ.

ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂ ಕೂರಿಸಿ. ಅದಿಲ್ಲದ ಕವಂದಿ ಬೆತ್ತಲೆ ಅನ್ನುತ್ತಾರೆ ಸಿದ್ದಿ ಹೆಂಗಸರು. ಕಚ್ಚಾ ಹೊಲಿಗೆ ಬಿಚ್ಚಿ, ತಣ್ಣೀರಿನಲ್ಲಿ ಕೈಯಿಂದ ಒಗೆಯಿರಿ. ನೀರು ಕುಡಿದ ಕೌದಿ ಭಾರ ಇರುತ್ತದೆ, ಒಂದೇ ಹಗ್ಗಕ್ಕೆ ಹಾಕದೆ ಎರಡು ಹಗ್ಗದ ಮೇಲೆ ಹರಡಿ ಒಣಗಿಸಿ.