ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡ್ತೀರಾ? ಮೊದಲು ಹೆಸರು ಪಾಸಾಗಲಿ

ಪರಿಚಯದ ಹುಡುಗರಿಬ್ಬರು ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ವ್ಯಾಪಾರಕ್ಕೆ ಇಳಿದರು. ಕಂಪನಿ ನೋಂದಣಿಗೆ ಅರ್ಜಿ ಹಾಕುವ ಮೊದಲೇ ಹೆಸರು ಹಾಕಿ ಪ್ಯಾಕೆಟ್ ಕವರ್ ಪ್ರಿಂಟ್ ಮಾಡಿಸಿದರು, ಬೋರ್ಡೂ ಬಂತು. ಆಮೇಲೆ ಆ ಹೆಸರು ಸಿಗಲಿಲ್ಲ. ಇಂಥದ್ದನ್ನು ಮೂರ್ನಾಲ್ಕು ಸಲ ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜನ. ಕನಿಷ್ಠ ಇಬ್ಬರು ಡೈರೆಕ್ಟರ್, ಇಬ್ಬರು ಷೇರುದಾರರು ಬೇಕು. ಆ ಇಬ್ಬರೇ ಎರಡೂ ಆಗಬಹುದು. ಒಬ್ಬರೇ ಇದ್ದರೆ ಒಪಿಸಿ (ಒನ್ ಪರ್ಸನ್ ಕಂಪನಿ) ಎಂಬ ಬೇರೆ ಬಗೆಯ ಕಂಪನಿ ಇದೆ. ಬಂಡವಾಳ 1 ಲಕ್ಷ ಇರಲೇಬೇಕು ಅಂತ ಈಗಲೂ ಹೇಳುವವರಿದ್ದಾರೆ, ನಂಬಬೇಡಿ, ಆ ನಿಯಮ 2015ರಲ್ಲೇ ಹೋಯಿತು. ಆಧಾರ್‌ನಲ್ಲಿ ಇನಿಶಿಯಲ್, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಈಗಲೇ ಸರಿಮಾಡಿಸಿ. ಆಮೇಲೆ ಡಿಜಿಟಲ್ ಸಹಿ, ಅಂದರೆ ಆನ್‌ಲೈನ್ ಅರ್ಜಿಗೆ ಹಾಕುವ ಸಹಿ, ಮಾಡಿಸಿಕೊಳ್ಳಿ.

ಈಗ ಹೆಸರು. ಎಂಸಿಎ (ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಸ್ಪೈಸ್ ಪ್ಲಸ್ ಅನ್ನುವ ಅರ್ಜಿ ಇದೆ, ಅದರ 'ಎ' ಭಾಗ ಹೆಸರಿಗೆ. 1,000 ರೂಪಾಯಿ ಶುಲ್ಕ, ಎರಡು ಹೆಸರು ಕೊಡಬಹುದು. ತಿರಸ್ಕಾರವಾದರೆ ದುಡ್ಡು ಹೋಯಿತು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಬೇರೆಯವರ ಹೆಸರಿಗೆ ಸ್ವಲ್ಪ ಬಣ್ಣ ಬಳಿದು ಕೊಡುವುದು. ಕೊನೆಗೆ ಒಂದು 'ಸ್' ಸೇರಿಸಿದರೆ, ಪದಗಳನ್ನು ಹಿಂದೆಮುಂದೆ ಮಾಡಿದರೆ, ಊರ ಹೆಸರು ಅಂಟಿಸಿದರೆ, ಕಾಗುಣಿತ ಸ್ವಲ್ಪ ತಿರುಚಿದರೆ ಅದು ಬೇರೆ ಹೆಸರಾಗುವುದಿಲ್ಲ, ನಿಯಮದಲ್ಲೇ ಹಾಗಿದೆ.

ನಮಗೆ ಇನ್ನೊಂದು ತೊಡಕಿದೆ. ಕನ್ನಡದ ಒಂದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆಯಬಹುದು. ದೀರ್ಘಕ್ಕೆ ಒಂದು 'ಎ' ಹಾಕುವವರಿದ್ದಾರೆ, ಎರಡು ಹಾಕುವವರಿದ್ದಾರೆ, 'ಶ್ರೀ'ಯನ್ನಂತೂ ಕೇಳಲೇಬೇಡಿ. ನೀವು ಬರೆಯುವ ರೀತಿಯಲ್ಲಿ ಮಾತ್ರ ಹುಡುಕಿ 'ಯಾರೂ ಇಟ್ಟಿಲ್ಲ' ಅಂದುಕೊಂಡರೆ ಮೋಸ ಹೋಗುತ್ತೀರಿ. ಎಲ್ಲ ರೀತಿಯಲ್ಲೂ ಹುಡುಕಿ. ಆಮೇಲೆ ಟ್ರೇಡ್‌ಮಾರ್ಕ್ ವೆಬ್‌ಸೈಟ್‌ಗೂ ಹೋಗಿ, ಅಲ್ಲಿ ಉಚ್ಚಾರದ ಪ್ರಕಾರ ಹುಡುಕುವ ಸೌಲಭ್ಯವಿದೆ, ರೊಟ್ಟಿಯಂಥ ತಿನಿಸು 30ನೇ ವರ್ಗದಲ್ಲಿ ಬರುತ್ತದೆ. ಕಂಪನಿಗಳ ಪಟ್ಟಿಯಲ್ಲಿ ಇಲ್ಲದ ಹೆಸರು ಟ್ರೇಡ್‌ಮಾರ್ಕ್ ಆಗಿ ಯಾರದ್ದೋ ಆಗಿರಬಹುದು, ಅಲ್ವಾ?

ನನ್ನ ಮಾತು ಕೇಳಿ: 'ಸಿರಿ', 'ನಮ್ಮ', 'ಅಮೃತ' ಬಿಟ್ಟುಬಿಡಿ. ಊರ ಹಳ್ಳದ ಹೆಸರೋ, ಹೊಲದ ಹೆಸರೋ, ಅಜ್ಜಿ ಮಾತ್ರ ಬಳಸುತ್ತಿದ್ದ ಪದವೋ ಹುಡುಕಿ, ಅದರ ಪಕ್ಕ ಏನು ವ್ಯಾಪಾರ ಅನ್ನುವುದನ್ನು ಇಡಿ. ಇಂಥವು ಬೇಗ ಪಾಸಾಗುತ್ತವೆ. ಪಾಸಾದ ಹೆಸರು 20 ದಿನ ನಿಮ್ಮದು, ಶುಲ್ಕ ಕಟ್ಟಿ ಅವಧಿ ವಿಸ್ತರಿಸದಿದ್ದರೆ ಅಷ್ಟರೊಳಗೆ ಅದೇ ಅರ್ಜಿಯ 'ಬಿ' ಭಾಗ, ಅಂದರೆ ಕಂಪನಿ ನೋಂದಣಿಯ ಭಾಗ, ಹಾಕಬೇಕು. ಹಾಗಾಗಿ ಬೇರೆ ಕಾಗದಗಳನ್ನು ಮೊದಲೇ ಜೋಡಿಸಿಡಿ.

'ಬಿ' ಭಾಗಕ್ಕೆ ಆಫೀಸಿನ ವಿಳಾಸದ ದಾಖಲೆ ಬೇಕು: ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್ ಬಿಲ್, ಜಾಗದ ಮಾಲೀಕರ ಒಪ್ಪಿಗೆ ಪತ್ರ, ಬಾಡಿಗೆಯಾದರೆ ಕರಾರು. ಅಪ್ಪನ ಮನೆಯಾದರೂ ಸರಿ. ಕಂಪನಿಯ ಪ್ಯಾನ್, ಟ್ಯಾನ್ (ಟಿಡಿಎಸ್ ಕಟ್ಟಲು ಬೇಕಾದ ಸಂಖ್ಯೆ), ಪಿಎಫ್, ಇಎಸ್‌ಐ ಎಲ್ಲ ಇದರ ಜೊತೆಗೇ ಆಗುತ್ತವೆ. ಅಧಿಕೃತ ಬಂಡವಾಳ (ಕಂಪನಿ ಹೆಚ್ಚೆಂದರೆ ಎಷ್ಟು ಮೊತ್ತದ ಷೇರು ಕೊಡಬಹುದು ಅನ್ನುವ ಮಿತಿ) 15 ಲಕ್ಷದವರೆಗೆ ನೋಂದಣಿ ಶುಲ್ಕವಿಲ್ಲ, ರಾಜ್ಯದ ಸ್ಟ್ಯಾಂಪ್ ಡ್ಯೂಟಿ ಬೇರೆ.

ಫೋನಲ್ಲಿ '999ಕ್ಕೆ ಕಂಪನಿ' ಅಂತ ಜಾಹೀರಾತು ಬಂದರೆ ಡಿಜಿಟಲ್ ಸಹಿ, ಸ್ಟ್ಯಾಂಪ್ ಡ್ಯೂಟಿ ಅದರಲ್ಲಿ ಸೇರಿದೆಯಾ ಕೇಳಿ. ನಾನಾದರೆ ಊರಿನ ಆಡಿಟರ್ ಹತ್ತಿರವೇ ಹೋಗುತ್ತೇನೆ, ನಾಳೆ ತೊಂದರೆಯಾದರೆ ಹೋಗಿ ಎದುರು ಕೂರಬಹುದು. ಯಾರಿಂದ ಮಾಡಿಸಿದರೂ ಸಹಿಯ ಯುಎಸ್‌ಬಿ ಟೋಕನ್ ಮತ್ತು ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಅದು ನಿಮ್ಮ ಸಹಿ, ಇನ್ನೊಬ್ಬರ ಡ್ರಾಯರ್‌ನಲ್ಲಿ ಬಿಡಬಾರದು.

ಪ್ರಮಾಣಪತ್ರ ಬಂದ ದಿನ ಸಿಹಿ ಹಂಚಿ ಸುಮ್ನೆ ಕೂರಬೇಡಿ. 30 ದಿನದೊಳಗೆ ಮೊದಲ ಬೋರ್ಡ್ ಸಭೆ, ಆಡಿಟರ್ ನೇಮಕ ಆಗಬೇಕು. ಬ್ಯಾಂಕ್ ಖಾತೆ ಶುರುವಾದ ಕೂಡಲೇ ಇಬ್ಬರೂ ತಮ್ಮ ತಮ್ಮ ಷೇರಿನ ಹಣವನ್ನು ಸ್ವಂತ ಖಾತೆಯಿಂದ ಕಂಪನಿ ಖಾತೆಗೆ ಹಾಕಿ, ಆ ಸ್ಟೇಟ್‌ಮೆಂಟ್ ಇಟ್ಟುಕೊಂಡು 180 ದಿನದೊಳಗೆ ಐಎನ್‌ಸಿ-20ಎ, ಅಂದರೆ ವ್ಯಾಪಾರ ಶುರು ಮಾಡುವ ಘೋಷಣೆಯ ಅರ್ಜಿ, ಸಲ್ಲಿಸಿ. ಅದಾಗದೆ ವ್ಯಾಪಾರ ಶುರು ಮಾಡುವಂತಿಲ್ಲ, ಸಾಲ ಎತ್ತುವಂತಿಲ್ಲ. ತಪ್ಪಿದರೆ ಕಂಪನಿಗೆ 50,000 ರೂಪಾಯಿ ದಂಡ, ಡೈರೆಕ್ಟರ್‌ಗಳಿಗೆ ದಿನಕ್ಕೆ 1,000 ಬೇರೆ. ಕವರ್ ಪ್ರಿಂಟಿಗೆ ಕೊಡುವುದು ಇದಾದ ಮೇಲೆ.